ಕೊಲರಾಡೊ ಬ್ಯಾಕ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಗುಂಡು ಹಾಕುವುದು: ಯಾವಾಗ, ಎಷ್ಟು, ಯಾವಾಗ ಬೇಡವೇ ಬೇಡ

ಬೆಟ್ಟ ಹತ್ತುವ ಮುಂಚೆ ಒಬ್ಬರ ಸಾಮಾನನ್ನು ಇನ್ನೊಬ್ಬರು ನೋಡುವುದು ನಮ್ಮಲ್ಲಿ ರೂಢಿ. ಬೀಕನ್ (ಹಿಮದಡಿ ಹೂತವರನ್ನು ಸಿಗ್ನಲ್‌ನಿಂದ ಹುಡುಕುವ ಯಂತ್ರ) ಆನ್ ಇದೆಯಾ, ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು) ಇದೆಯಾ, ಸಲಿಕೆ ಇದೆಯಾ ಎಂದು ಕೇಳುತ್ತೇವೆ. ಅದೇ ಬ್ಯಾಗಿನ ಪಕ್ಕದ ಜೇಬಿನಲ್ಲಿ ವಿಸ್ಕಿ ಇದೆಯಾ, ಅದನ್ನು ಹೊತ್ತವರು ನಿನ್ನೆ ರಾತ್ರಿ ಎಷ್ಟು ಹಾಕಿ ಎಷ್ಟೊತ್ತಿಗೆ ಮಲಗಿದರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಹೇಗೆ ಕೇಳಬೇಕು, ಉತ್ತರ ಸಿಕ್ಕ ಮೇಲೆ ಏನು ಮಾಡಬೇಕು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವನು. ಕೆಲಸ ಡೆನ್ವರ್‌ನಲ್ಲಿ, ಮನೆ ಗೋಲ್ಡನ್‌ನಲ್ಲಿ. ಚಳಿಗಾಲದ ಶನಿವಾರ ಬಂತೆಂದರೆ ಬರ್ಥಡ್ ಪಾಸ್ ಅಥವಾ ಲವ್‌ಲ್ಯಾಂಡ್ ಪಾಸ್ ಕಡೆ ಹೊರಟಿರುತ್ತೇನೆ. ಈಚೆಗೆ ಇಲ್ಲಿನ ಕನ್ನಡದ ಹುಡುಗರು, ಹುಡುಗಿಯರು ಒಬ್ಬೊಬ್ಬರಾಗಿ ರೆಸಾರ್ಟ್ ಬಿಟ್ಟು ಬ್ಯಾಕ್‌ಕಂಟ್ರಿಗೆ ಬರುತ್ತಿದ್ದಾರೆ. ಗೊತ್ತಿಲ್ಲದವರಿಗೆ ಒಂದು ಮಾತು: ಇಲ್ಲಿ ಲಿಫ್ಟ್ ಇಲ್ಲ. ಸ್ಕೀ ತಳಕ್ಕೆ ಸ್ಕಿನ್ (ಹಿಂದಕ್ಕೆ ಜಾರದಂತೆ ತಡೆಯುವ ಪಟ್ಟಿ) ಅಂಟಿಸಿಕೊಂಡು ಕಾಲಲ್ಲೇ ಹತ್ತಬೇಕು, ಮೇಲೆ ಹೋಗಿ ಸ್ಕಿನ್ ಕಿತ್ತು ಇಳಿಯಬೇಕು. ಕಾವಲಿಗೆ ರೆಸಾರ್ಟಿನಂತೆ ಸ್ಕೀ ಗಸ್ತಿನವರು ಇರುವುದಿಲ್ಲ. ಹಿಮ ಕುಸಿದು ಯಾರಾದರೂ ಹೂತುಹೋದರೆ ಅಗೆದು ತೆಗೆಯಬೇಕಾದವರು ಜೊತೆಯಲ್ಲಿದ್ದವರೇ.

ನಾನು ಕುಡಿಯದವನಲ್ಲ. ಸ್ಕೀ ಬಿಚ್ಚಿಟ್ಟು, ಬೂಟಿನ ಬಕಲ್ ಸಡಿಲ ಮಾಡಿ, ಗೆಳೆಯರ ಜೊತೆ ಒಂದು ಬಿಯರ್ ತೆರೆಯುವ ಸುಖ ನನಗೂ ಇಷ್ಟ. ಹಾಗಾಗಿ ಕುಡಿಯಲೇಬೇಡಿ ಎಂದು ಹೇಳುವುದಿಲ್ಲ. ನನ್ನ ಮಾತು ಇಷ್ಟೇ: ತುದಿಯಲ್ಲಿ ಹಾಕುವ ಒಂದು ಗುಟುಕಿನ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಆದರೆ ಹೆಚ್ಚು ಅಪಾಯ ಇರುವುದು ಹಿಂದಿನ ರಾತ್ರಿಯ ಕುಡಿತದಲ್ಲಿ ಮತ್ತು ಸಂಜೆ ಕಾರು ಹತ್ತುವ ಮುಂಚಿನ ಕುಡಿತದಲ್ಲಿ. ಎರಡೂ ಹಿಮದ ಮೇಲೆ ನಡೆಯುವುದಲ್ಲವಾದ್ದರಿಂದ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹಿಂದಿನ ರಾತ್ರಿಯ ಲೆಕ್ಕ

ಮೊದಲು ಅಳತೆ. ಅಮೆರಿಕದಲ್ಲಿ ಒಂದು ಡ್ರಿಂಕ್ ಎಂದರೆ 14 ಗ್ರಾಂ ಆಲ್ಕೋಹಾಲ್. ಶೇಕಡ 40ರ ವಿಸ್ಕಿಯಲ್ಲಿ ಅದು 44 ಮಿಲಿ, ಶೇಕಡ 5ರ ಬಿಯರ್‌ನಲ್ಲಿ 355 ಮಿಲಿಯ ಒಂದು ಕ್ಯಾನ್. ನಮ್ಮ ಊರಿನ ಲೆಕ್ಕದಲ್ಲಿ ಒಂದು ನೈಂಟಿ ಎಂದರೆ ಎರಡು ಡ್ರಿಂಕ್, ಒಂದು ಕ್ವಾರ್ಟರ್ ಎಂದರೆ ನಾಲ್ಕು. ದೇಹ ಹೆಚ್ಚುಕಡಿಮೆ ಗಂಟೆಗೆ ಒಂದು ಡ್ರಿಂಕ್ ಕರಗಿಸುತ್ತದೆ. ಕಾಫಿ ಕುಡಿದರೂ ತಣ್ಣೀರು ಸ್ನಾನ ಮಾಡಿದರೂ ಬೆವರು ಹರಿಸಿದರೂ ಈ ವೇಗ ಹೆಚ್ಚುವುದಿಲ್ಲ.

ಈಗ ಇದನ್ನು ಹಟ್‌ನಲ್ಲಿ, ಅಂದರೆ ಬೆಟ್ಟದ ಮೇಲೆ ಸ್ಕೀಯರ್‌ಗಳು ತಂಗುವ ಮನೆಯಲ್ಲಿ, ಕಳೆಯುವ ಒಂದು ರಾತ್ರಿಗೆ ಹೊಂದಿಸಿ ನೋಡಿ. ಇಬ್ಬರು ರಾತ್ರಿ 8ಕ್ಕೆ ಶುರು ಮಾಡಿ, ಇಸ್ಪೀಟಾಡುತ್ತಾ 12ರೊಳಗೆ ಒಂದು ಫುಲ್ ಬಾಟಲಿ ಮುಗಿಸಿದರು ಅನ್ನಿ. ತಲೆಗೆ 375 ಮಿಲಿ, ಅಂದರೆ ಎಂಟೂವರೆ ಡ್ರಿಂಕ್. ಅದು ಪೂರ್ತಿ ಇಳಿಯುವುದು ಬೆಳಗಿನ ಜಾವ ನಾಲ್ಕೂವರೆ, ಐದಕ್ಕೆ. ಏಪ್ರಿಲ್ ತಿಂಗಳಾದರೆ ಅದೇ ಹೊತ್ತಿಗೆ ಹೆಡ್‌ಲ್ಯಾಂಪ್ ಕಟ್ಟಿಕೊಂಡು ಹೊರಡಬೇಕು. ಹ್ಯಾಂಗೋವರ್ ಅತ್ಯಂತ ಜೋರಾಗಿ ಕಾಡುವುದು ರಕ್ತದಲ್ಲಿನ ಆಲ್ಕೋಹಾಲ್ ಸೊನ್ನೆಗೆ ಬಂದ ಹೊತ್ತಿನಲ್ಲೇ. "ಎಲ್ಲಾ ಇಳಿದೋಯ್ತು, ಈಗ ಆರಾಮಿದೀನಿ" ಎನ್ನುವವರ ತಲೆನೋವು, ವಾಕರಿಕೆ, ಕೈನಡುಕ ಸ್ಕಿನ್ ಅಂಟಿಸುವ ಹೊತ್ತಿಗೆ ಸರಿಯಾಗಿ ಏರುತ್ತದೆ. ಕುಡಿದು ಮಲಗಿದ ನಿದ್ದೆಯೂ ತುಂಡು ತುಂಡು, ಜಾವದ ನಿದ್ದೆ ಅಂತೂ ಹಾಳು.

ಸಪ್ಪೆ ಮುಖದಲ್ಲಿ ಒಂದು ಗಂಟೆ ತಡವಾಗಿ ಹೊರಟರೆ ಏನಾಗುತ್ತದೆ ಎಂದು ಕೇಳಬಹುದು. ವಸಂತದಲ್ಲಿ ಆ ಒಂದು ಗಂಟೆಯೇ ಮುಖ್ಯ. ರಾತ್ರಿ ಗಟ್ಟಿಯಾದ ಹಿಮ ಬಿಸಿಲಿಗೆ ಮೇಲಿನಿಂದ ಮೆತ್ತಗಾಗುತ್ತಾ ಬರುತ್ತದೆ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು, ಆಮೇಲೆ ದಕ್ಷಿಣ, ಆಮೇಲೆ ಪಶ್ಚಿಮ. ಹಿಮದೊಳಗೆ ನೀರು ಇಳಿದು ಬೂಟು ಪಾದದ ಮೇಲಕ್ಕೂ ಹೂಳಲು ಶುರುವಾದರೆ ಒದ್ದೆ ಹಿಮಕುಸಿತದ ಹೊತ್ತು ಬಂತೆಂದೇ ಅರ್ಥ. ಅಷ್ಟರೊಳಗೆ ನೀವು ಕೆಳಗೆ ಇರಬೇಕು. ಕುಡಿದ ಗುಂಪು ತಡವಾಗಿ ಎದ್ದು, ತಡವಾಗಿ ಹತ್ತಿ, "ಇಷ್ಟು ದೂರ ಬಂದಾಯ್ತಲ್ಲ" ಎಂದು ತುದಿಗೇ ಹೋಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ನನ್ನ ನಿಯಮ: ಬೆಳಗ್ಗೆ ಐದಕ್ಕೆ ಹೊರಡುವುದಿದ್ದರೆ ರಾತ್ರಿ ಎಂಟಕ್ಕೆ ಕೊನೆಯ ಗುಟುಕು, ಒಟ್ಟು ಒಂದು ನೈಂಟಿಗಿಂತ ಹೆಚ್ಚಿಲ್ಲ. ಮರುದಿನ ಕಡಿದಾದ ಜಾಗಕ್ಕೆ ಹೋಗುವುದಿದ್ದರೆ ಅದೂ ಇಲ್ಲ.

ಪಾರ್ಕಿಂಗ್‌ನಲ್ಲಿ ಕೇಳಬೇಕಾದ ಪ್ರಶ್ನೆ

ಬೀಕನ್ ಚೆಕ್ ಮಾಡುವಾಗಲೇ ಕೇಳಿಬಿಡಿ. ಬೇರೆ ಹೊತ್ತಿನಲ್ಲಿ ಕೇಳಿದರೆ ಚುಚ್ಚಿದಂತಾಗುತ್ತದೆ, ಆ ಹೊತ್ತಿನಲ್ಲಿ ಅದೂ ಒಂದು ತಪಾಸಣೆ ಅಷ್ಟೆ. ನಮ್ಮ ಗುಂಪಿನಲ್ಲಿ ನನಗಿಂತ ಹಿರಿಯರೊಬ್ಬರಿದ್ದಾರೆ, ಮಂಡ್ಯದ ಕಡೆಯವರು. ಅವರ ಜೊತೆ ಮಾತು ಹೀಗಿರುತ್ತದೆ:

"ಅಣ್ಣ, ನಿನ್ನೆ ಎಷ್ಟೊತ್ತಿಗೆ ನಿಲ್ಲಿಸಿದ್ರಿ?"

"ಹನ್ನೊಂದು ಆಗಿತ್ತು ಕಣಪ್ಪ. ಮೂರು ಬಿಯರ್ರು."

"ಹಂಗಾದ್ರೆ ಇವತ್ತು ಕಾಡೊಳಗಿಂದೇ ಇಳಿಯಣ, ಬೌಲ್ ಬ್ಯಾಡ."

"ಆಗ್ಲಿ ಬುಡು."

ಇಷ್ಟೇ. ಯಾರೂ ಯಾರನ್ನೂ ಬೈಯಲಿಲ್ಲ, ಯಾರನ್ನೂ ಮನೆಗೆ ಕಳಿಸಲಿಲ್ಲ. ಪ್ಲ್ಯಾನ್ ಬದಲಾಯಿತು: ಬೌಲ್, ಅಂದರೆ ಬಟ್ಟಲಿನಂಥ ಕಡಿದಾದ ಬಯಲು ಇಳಿಜಾರು, ಬಿಟ್ಟೆವು. ಹಿಮಕುಸಿತ ಆಗುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಆದ್ದರಿಂದ 30 ಡಿಗ್ರಿಗಿಂತ ಕಡಿಮೆ ಇರುವ, ಮೇಲೆ ಕಡಿದಾದ ಇಳಿಜಾರು ಇಲ್ಲದ ಜಾಗ ಆರಿಸಿಕೊಂಡರೆ ಮಂದವಾದ ತಲೆಯಲ್ಲೂ ಒಳ್ಳೆಯ ದಿನ ಕಳೆಯಬಹುದು. ಪ್ರಶ್ನೆಯನ್ನು ನೀವೇ ಮೊದಲು ನಿಮ್ಮ ಬಗ್ಗೆ ಹೇಳಿಕೊಂಡು ಶುರು ಮಾಡಿ: "ನಂದು ನಿನ್ನೆ ಒಂದು ಗ್ಲಾಸ್ ವೈನ್, ಎಂಟಕ್ಕೆ ಮುಗೀತು. ನಿಮ್ದು?" ಆಗ ಸುಳ್ಳು ಹೇಳಬೇಕೆಂದು ಯಾರಿಗೂ ಅನಿಸುವುದಿಲ್ಲ.

ಇದನ್ನು ಯಾಕೆ ಇಷ್ಟು ಹಟ ಹಿಡಿದು ಹೇಳುತ್ತೇನೆ ಎಂದರೆ, ಹೂತವರನ್ನು ಹುಡುಕುವ ಕೆಲಸ ಎಷ್ಟು ಸೂಕ್ಷ್ಮ ಎನ್ನುವುದು ಮಾಡಿದವರಿಗೇ ಗೊತ್ತು. ಬೀಕನ್ 457 ಕಿಲೋಹರ್ಟ್ಸ್‌ನಲ್ಲಿ ಸಿಗ್ನಲ್ ಹಿಡಿಯುತ್ತದೆ. ಮೂರು ಮೀಟರ್ ಒಳಗೆ ಬಂದ ಮೇಲೆ ಓಡಾಟ ನಿಲ್ಲಿಸಿ ಮಂಡಿಯೂರಿ, ಬೀಕನ್ನನ್ನು ಹಿಮಕ್ಕೆ ತಾಗಿಸಿ ಹಿಡಿದು, ದಿಕ್ಕು ತಿರುಗಿಸದೆ ಒಂದೇ ಗೆರೆಯಲ್ಲಿ ನಿಧಾನವಾಗಿ ಸರಿಸಬೇಕು. ಪರದೆಯಲ್ಲಿ ದೂರದ ಅಂಕಿ ಇಳಿಯುತ್ತಾ ಹೋಗಿ ಮತ್ತೆ ಏರಲು ಶುರುವಾದರೆ ಹಿಂದೆ ಬಂದು, ಅತಿ ಕಡಿಮೆ ಅಂಕಿ ಇದ್ದ ಜಾಗದಿಂದ ಅಡ್ಡ ಗೆರೆಯಲ್ಲಿ ಮತ್ತೆ ಸರಿಸಬೇಕು. ಅಲ್ಲಿಂದ ಪ್ರೋಬ್ ಚುಚ್ಚಬೇಕು. ನೇರ ಕೆಳಕ್ಕಲ್ಲ, ಇಳಿಜಾರಿಗೆ ಲಂಬವಾಗಿ, 25 ಸೆಂಟಿಮೀಟರ್ ಅಂತರದಲ್ಲಿ ಸುರುಳಿಯಾಗಿ. ಕೈ ಅವಸರಪಟ್ಟರೆ ಅಂಕಿ ಕುಣಿಯುತ್ತದೆ, ಗೆರೆ ಸೊಟ್ಟಗಾಗುತ್ತದೆ, ಪ್ರೋಬ್ ಅರ್ಧ ಮೀಟರ್ ಆಚೆ ಬೀಳುತ್ತದೆ. ಮೊದಲ 10-15 ನಿಮಿಷದಲ್ಲಿ ಹೊರತೆಗೆದವರು ಬಹುಪಾಲು ಬದುಕುತ್ತಾರೆ, ಆಮೇಲೆ ಆ ಅವಕಾಶ ಬೇಗ ಬೇಗ ಕುಸಿಯುತ್ತದೆ. ಹ್ಯಾಂಗೋವರ್ ಇರುವ ಕೈಗೆ ಈ ಕೆಲಸ ಕೊಡಲು ನನಗೆ ಮನಸ್ಸಿಲ್ಲ. ನಾನು ಅದೇ ಕೈಯನ್ನು ಇಟ್ಟುಕೊಂಡು ಬೇರೆಯವರ ಜೊತೆ ಹೋಗುವುದೂ ಸರಿಯಲ್ಲ.

ಫ್ಲಾಸ್ಕು, ಚಳಿ ಮತ್ತು ಮೈ ಬಿಸಿಯಾಗುವ ಭ್ರಮೆ

ಕುತ್ತಿಗೆಗೆ ಬ್ರಾಂದಿ ಪೀಪಾಯಿ ಕಟ್ಟಿಕೊಂಡ ಸೇಂಟ್ ಬರ್ನಾರ್ಡ್ ನಾಯಿಯ ಚಿತ್ರ ಎಲ್ಲರೂ ನೋಡಿರುತ್ತೀರಿ. ಆ ಕಲ್ಪನೆ ಹಬ್ಬಿದ್ದು 1820ರಲ್ಲಿ ಎಡ್ವಿನ್ ಲ್ಯಾಂಡ್ಸೀರ್ ಬರೆದ ವರ್ಣಚಿತ್ರದಿಂದ. ಚಳಿಗೆ ಬ್ರಾಂದಿ ಒಳ್ಳೆಯದು ಎನ್ನುವ ನಂಬಿಕೆ ಸ್ಕೀಯರ್‌ಗಳಲ್ಲಿ ಇನ್ನೂ ಗಟ್ಟಿಯಾಗಿದೆ, ನಮ್ಮ ಮಲೆನಾಡಿನ ಮಳೆಗಾಲದಲ್ಲಿರುವಷ್ಟೇ ಗಟ್ಟಿ.

ನಿಜ ಏನೆಂದರೆ ಆಲ್ಕೋಹಾಲ್ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿ ರಕ್ತ ಹೊರಮೈಗೆ ಬಂದು ಮುಖ, ಕೈ ಬೆಚ್ಚಗಾಗುತ್ತವೆ. ಅದೇ ಬಿಸಿ ಗಾಳಿಗೆ ಹೋಗಿಬಿಡುತ್ತದೆ. ಜೊತೆಗೆ ನಡುಕವೂ ಕಡಿಮೆಯಾಗುತ್ತದೆ. ದೇಹ ತಾನೇ ಬಿಸಿ ಮಾಡಿಕೊಳ್ಳುವ ದಾರಿಯೇ ನಡುಕ. ಖಾಲಿ ಹೊಟ್ಟೆಯಲ್ಲಿ ಹತ್ತಿ ದಣಿದವರಿಗೆ ರಕ್ತದ ಸಕ್ಕರೆಯೂ ಇಳಿಯುತ್ತದೆ. ಅಂದರೆ ಮೈ ತಣ್ಣಗಾಗುತ್ತಿರುತ್ತದೆ, ಮನಸ್ಸಿಗೆ ಮಾತ್ರ ಬೆಚ್ಚಗೆ ಅನಿಸುತ್ತದೆ. ಆದ್ದರಿಂದ ಯಾರಾದರೂ ಚಳಿಗೆ ಮಂಕಾಗಿ ಮಾತು ತೊದಲುತ್ತಿದ್ದರೆ ಗುಟುಕು ಕೊಡಬೇಡಿ. ಒದ್ದೆ ಬಟ್ಟೆ ತೆಗೆದು, ಒಣಗಿದ್ದು ಹಾಕಿ, ಕೆಳಗೆ ಪ್ಯಾಡ್ ಹಾಸಿ ಸುತ್ತಿ ಕೂರಿಸಿ. ಸರಿಯಾಗಿ ನುಂಗುವ ಸ್ಥಿತಿಯಲ್ಲಿದ್ದರೆ ಸಿಹಿಯಾದ ಬಿಸಿ ಪಾನೀಯ ಕೊಡಿ.

ಇನ್ನೊಂದು ವಿಷಯ ಹೆಚ್ಚಿನವರಿಗೆ ತಿಳಿದಿಲ್ಲ. ಶೇಕಡ 40ರ ಮದ್ಯ ಮೈನಸ್ 27 ಡಿಗ್ರಿ ಸೆಲ್ಸಿಯಸ್ ಹತ್ತಿರ ಬರುವವರೆಗೂ ಹೆಪ್ಪುಗಟ್ಟುವುದಿಲ್ಲ. ರಾತ್ರಿಯಿಡೀ ಹಟ್ಟಿನ ಹೊರಗೆ ಹಿಮದಲ್ಲಿ ಸಿಕ್ಕಿಸಿಟ್ಟ ಬಾಟಲಿ ನೋಡಲು ಸಾಮಾನ್ಯ ದ್ರವ, ಒಳಗೆ ಮೈನಸ್ 20. ಅದನ್ನು ಗಟಗಟ ಹಾಕಿದರೆ ತುಟಿ, ನಾಲಿಗೆ, ಗಂಟಲು ಹಿಮಗಡಿತಕ್ಕೆ ಸಿಗುತ್ತವೆ. ಬಿಯರ್ ಹಾಗಲ್ಲ, ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೇ ಗಟ್ಟಿಯಾಗಿ ಕ್ಯಾನ್ ಸಿಡಿಯುತ್ತದೆ. ಬ್ಯಾಗಿನೊಳಗೆ ಸಿಡಿದರೆ ಡೌನ್ (ಹಕ್ಕಿಯ ಪುಕ್ಕ) ತುಂಬಿದ ಜಾಕೆಟ್ ಒದ್ದೆ. ಒದ್ದೆ ಡೌನ್‌ನಿಂದ ಯಾವ ಉಪಯೋಗವೂ ಇಲ್ಲ.

ಫ್ಲಾಸ್ಕಿಗೆ ಬದಲಾಗಿ ನಾನು ಒಯ್ಯುವುದು ಕಷಾಯ. ದನಿಯಾ, ಜೀರಿಗೆ, ಕಾಳುಮೆಣಸು, ಚೂರು ಮೆಂತೆ ಹುರಿದು ಪುಡಿ ಮಾಡಿ, ಒಣಶುಂಠಿ ಸೇರಿಸಿ, ಬೆಲ್ಲ ಜಾಸ್ತಿ ಹಾಕಿ ಕುದಿಸಿ, ಹಾಲು ಬೆರೆಸಿ ಥರ್ಮೋಸ್‌ಗೆ ಸುರಿಯುತ್ತೇನೆ. ಥರ್ಮೋಸ್‌ಗೆ ಮೊದಲು ಐದು ನಿಮಿಷ ಕುದಿನೀರು ಹಾಕಿಟ್ಟು ಚೆಲ್ಲಿ, ಆಮೇಲೆ ಕಷಾಯ ತುಂಬಿದರೆ ಮಧ್ಯಾಹ್ನದವರೆಗೂ ಹಬೆಯಾಡುತ್ತದೆ. ಮೇಲೆ ಸ್ಕಿನ್ ಕಿತ್ತು ಮಡಚುವಾಗ ಎಲ್ಲರಿಗೂ ಅರ್ಧರ್ಧ ಕಪ್. ತುದಿಯಲ್ಲಿ ಹಂಚಿಕೊಂಡು ಏನಾದರೂ ಕುಡಿಯಬೇಕು ಎನ್ನುವ ಆಸೆ ಒಳ್ಳೆಯದೇ, ಅದನ್ನು ಕಿತ್ತುಹಾಕುವುದು ಬೇಡ. ಕಪ್ಪಿನಲ್ಲಿರುವುದು ಬದಲಾದರೆ ಸಾಕು. ಈಗ ನನ್ನ ಅಮೆರಿಕನ್ ಗೆಳೆಯರು ಫ್ಲಾಸ್ಕ್ ತೆಗೆಯುವ ಮುಂಚೆ ಕಷಾಯ ಕೇಳುತ್ತಾರೆ.

ನಿಕೋಟಿನ್, ಗಾಂಜಾ

ನಿಕೋಟಿನ್ ಬಗ್ಗೆ ಚುಟುಕಾಗಿ. ತುಟಿಯೊಳಗೆ ಇಟ್ಟುಕೊಳ್ಳುವ ಬಿಳಿ ಪೌಚ್, ವೇಪ್, ಹೊಗೆಸೊಪ್ಪು ಯಾವುದೇ ಇರಲಿ, ನಿಕೋಟಿನ್ ಬೆರಳ ತುದಿಯ ರಕ್ತನಾಳಗಳನ್ನು ಬಿಗಿಯುತ್ತದೆ. ಸ್ಕಿನ್ ಕೀಳಲು ಗ್ಲೌಸ್ ತೆಗೆಯುವ ಐದು ನಿಮಿಷದಲ್ಲಿ ಬೆರಳು ಬಿಳಿಚಿಕೊಳ್ಳುವವರು ಇದನ್ನು ನೆನಪಿಡಬೇಕು. ಪೂರ್ತಿ ಬಿಡಲಾಗದಿದ್ದರೆ ಇಳಿಯುವ ಮುಂಚಿನ ಅರ್ಧ ಗಂಟೆಯಾದರೂ ಬೇಡ. ಉಗಿದ ಪೌಚನ್ನು ಹಿಮದಲ್ಲಿ ಎಸೆಯಬೇಡಿ, ಜೂನ್‌ನಲ್ಲಿ ಹಿಮ ಕರಗಿದ ಮೇಲೆ ಎಲ್ಲವೂ ತೊರೆಗೆ ಹೋಗುತ್ತವೆ.

ಗಾಂಜಾ ವಿಷಯ ದೊಡ್ಡದು. ಕೊಲರಾಡೊದಲ್ಲಿ 2012ರ ಮತದಾನದಲ್ಲಿ ಅದು ಕಾನೂನುಬದ್ಧವಾಯಿತು, 2014ರ ಜನವರಿ 1ರಿಂದ ಅಂಗಡಿಯಲ್ಲಿ ಸಿಗುತ್ತಿದೆ. ಸ್ಕೀಯರ್‌ಗಳು "ಸೇಫ್ಟಿ ಮೀಟಿಂಗ್" ಎಂದು ಕರೆದು ಮರದ ಮರೆಗೆ ಹೋದರೆ ಅಲ್ಲಿ ಹೊಗೆ ಏಳುತ್ತಿದೆ ಎಂದು ತಿಳಿಯಿರಿ. ಆದರೆ ನಾವು ಸ್ಕೀ ಮಾಡುವ ಜಾಗ ಬಹುತೇಕ ನ್ಯಾಷನಲ್ ಫಾರೆಸ್ಟ್. ಅದು ಕೇಂದ್ರ ಸರ್ಕಾರದ ಭೂಮಿ, ಅಲ್ಲಿ ಗಾಂಜಾ ಈಗಲೂ ಅಪರಾಧ. ಎಚ್-1ಬಿ, ಎಫ್-1, ಗ್ರೀನ್ ಕಾರ್ಡ್ ಮೇಲಿರುವ ನಮ್ಮವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಪೌರತ್ವ ಇಲ್ಲದವರಿಗೆ ಇಮಿಗ್ರೇಷನ್ ವಿಷಯದಲ್ಲಿ ಅನ್ವಯವಾಗುವುದು ಕೇಂದ್ರದ ಕಾನೂನು. ಗಾಂಜಾ ಬಳಸಿದ್ದೇನೆ ಎಂದು ಅಧಿಕಾರಿಯ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡರೂ ತೊಂದರೆಯಾಗಬಹುದು. ಗಮ್ಮಿ (ಗಾಂಜಾ ಬೆರೆಸಿದ ಮೆದು ಮಿಠಾಯಿ) ತಿಂದ ಫೋಟೊ ಇನ್‌ಸ್ಟಾಗ್ರಾಮ್‌ಗೆ ಹಾಕುವ ಮುಂಚೆ ಇದನ್ನು ಯೋಚಿಸಿ.

ಗಮ್ಮಿಯ ಇನ್ನೊಂದು ತೊಂದರೆ ಸಮಯದ್ದು. ಹೊಗೆ ನಿಮಿಷಗಳಲ್ಲಿ ಏರುತ್ತದೆ, ತಿಂದದ್ದು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಇಲ್ಲಿ ಒಂದು ತುಂಡಿನಲ್ಲಿ ಗಾಂಜಾದ ಅಮಲೇರಿಸುವ ಅಂಶ ಟಿಎಚ್‌ಸಿ 10 ಮಿಲಿಗ್ರಾಂ ಇರುತ್ತದೆ. ಹೊಸಬರು ತಿಂದು, ಏನೂ ಆಗಲಿಲ್ಲ ಎಂದು ಇನ್ನೊಂದು ತಿಂದು, ಹತ್ತಲು ಶುರು ಮಾಡುತ್ತಾರೆ. ಎರಡೂ ಒಟ್ಟಿಗೆ ತಲೆಗೇರುವುದು ತುದಿಯಲ್ಲಿ, ಇಳಿಯಬೇಕಾದ ಹೊತ್ತಿನಲ್ಲಿ. ಗಮ್ಮಿ ತಿಂದವರು ನನ್ನ ಗುಂಪಿನಲ್ಲಿದ್ದರೆ ಆ ದಿನ ಕಡಿದಾದ ಇಳಿಜಾರಿಗೆ ನಾನು ಹೋಗುವುದಿಲ್ಲ. ಇದರಲ್ಲಿ ಚರ್ಚೆ ಇಟ್ಟುಕೊಂಡಿಲ್ಲ.

ಹಟ್ ಟ್ರಿಪ್

ಎರಡನೇ ಮಹಾಯುದ್ಧದಲ್ಲಿ ಲೆಡ್‌ವಿಲ್ ಹತ್ತಿರದ ಕ್ಯಾಂಪ್ ಹೇಲ್‌ನಲ್ಲಿ ತರಬೇತಾದ ಸ್ಕೀ ಸೈನಿಕರ ಹೆಸರಿನಲ್ಲಿ 10ನೇ ಮೌಂಟನ್ ಡಿವಿಷನ್ ಹಟ್ ಅಸೋಸಿಯೇಷನ್ 1980ರಲ್ಲಿ ಶುರುವಾಯಿತು. ಈಗ ಅದರ ಮೂಲಕ ಮೂವತ್ತಕ್ಕೂ ಹೆಚ್ಚು ಹಟ್ ಬುಕ್ ಮಾಡಬಹುದು. ಹಲವು 11,000 ಅಡಿಗಿಂತ ಮೇಲಿವೆ. ಕೆಲವು ಗಂಟೆ ಸ್ಕಿನ್ ಮಾಡಿ ತಲುಪಬೇಕು. ಸೌದೆ ಒಲೆ ಇರುತ್ತದೆ, ದೊಡ್ಡ ಪಾತ್ರೆಯಲ್ಲಿ ಹಿಮ ಕರಗಿಸಿ ನೀರು ಮಾಡಿಕೊಳ್ಳಬೇಕು. ಬೇರೆ ಗುಂಪಿನವರೂ ಅಲ್ಲೇ ಮಲಗಿರುತ್ತಾರೆ. ಬ್ಯಾಕ್‌ಕಂಟ್ರಿಯವರು ಮನಸ್ಸು ಬಿಚ್ಚಿ ಕುಡಿಯುವುದು ಹೆಚ್ಚಾಗಿ ಇಲ್ಲಿಯೇ.

ಒಯ್ಯುವ ರೀತಿ ಹೇಳುತ್ತೇನೆ. ಗಾಜಿನ ಬಾಟಲಿ ಬೇಡ, ಭಾರ, ಒಡೆದರೆ ಅಪಾಯ, ಖಾಲಿಯಾದ ಮೇಲೂ ಹೊತ್ತು ತರಬೇಕು. ವಿಸ್ಕಿಯನ್ನು ಪ್ಲಾಸ್ಟಿಕ್ ಬಾಟಲಿಗೆ ಅಳತೆ ಮಾಡಿ ಹಾಕಿಕೊಳ್ಳಿ. ವೈನ್ ಆದರೆ ರಟ್ಟಿನ ಡಬ್ಬ ಹರಿದು ಒಳಗಿನ ಚೀಲ ಮಾತ್ರ ತೆಗೆದುಕೊಳ್ಳಿ. ಮುಖ್ಯವಾದದ್ದು ಅಳತೆ. ಮನೆಯಲ್ಲಿ, ಅಮಲಿಲ್ಲದ ಹೊತ್ತಿನಲ್ಲಿ, ತಲೆಗೆ ಎಷ್ಟು, ಎಷ್ಟು ರಾತ್ರಿ ಎಂದು ಲೆಕ್ಕ ಹಾಕಿ ಅಷ್ಟನ್ನೇ ಒಯ್ಯಬೇಕು. ಇರುವಷ್ಟು ಮುಗಿಸುವುದು ಹಟ್ಟಿನ ಸ್ವಭಾವ. ಹೊತ್ತು ಇಳಿಸುವ ಕಷ್ಟ ಯಾರಿಗೂ ಬೇಡ, ಅದಕ್ಕೇ ಕೊನೆಯ ರಾತ್ರಿ ಹೆಚ್ಚು ಕುಡಿಯುತ್ತಾರೆ, ಮರುದಿನ ಭಾರದ ಬ್ಯಾಗ್ ಹೊತ್ತು ಇಳಿಯುವಾಗ ಮಂಡಿ ತಿರುಚಿಕೊಳ್ಳುತ್ತಾರೆ.

ಮೊದಲ ರಾತ್ರಿ ಬೇಡವೇ ಬೇಡ. ಎತ್ತರಕ್ಕೆ ದೇಹ ಹೊಂದಿಕೊಳ್ಳುವುದು ಹೆಚ್ಚು ಉಸಿರಾಡುವುದರಿಂದ, ಆಲ್ಕೋಹಾಲ್ ಅದನ್ನೇ ಕುಗ್ಗಿಸುತ್ತದೆ. ನಿದ್ದೆಯಲ್ಲಿ ಆಮ್ಲಜನಕ ಇನ್ನೂ ಇಳಿಯುತ್ತದೆ. ನಿದ್ದೆ ಮಾತ್ರೆಯ ಜೊತೆ ಗುಂಡು ಹಾಕುವುದಂತೂ ಎಲ್ಲೂ ಕೂಡದು, 11,000 ಅಡಿಯಲ್ಲಿ ಖಂಡಿತ ಕೂಡದು. ಎತ್ತರದ ಕಾಯಿಲೆಯ ಲಕ್ಷಣಗಳು ಏನು? ತಲೆನೋವು, ವಾಕರಿಕೆ, ಸುಸ್ತು. ಹ್ಯಾಂಗೋವರ್‌ನದ್ದು? ಅವೇ. ಅಪರೂಪಕ್ಕೆ ಎತ್ತರದಿಂದ ಮೆದುಳಿನಲ್ಲಿ ಊತ ಬಂದರೆ ಗುರುತಿಸುವ ಸುಲಭ ಪರೀಕ್ಷೆ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳ ತುದಿ ತಾಗಿಸಿ ನೇರ ಗೆರೆಯಲ್ಲಿ ನಡೆಸುವುದು. ಕುಡಿದವರೂ ಅದರಲ್ಲಿ ಓಲಾಡುತ್ತಾರೆ. ಯಾವುದು ಯಾವುದೆಂದು ರಾತ್ರಿ ಎರಡಕ್ಕೆ ಹೇಳಲಾಗದ ಸ್ಥಿತಿಗೆ ಗೆಳೆಯರನ್ನು ತಂದಿಡಬೇಡಿ.

ಶೌಚಾಲಯ ಹಲವು ಕಡೆ ಹೊರಗಿರುತ್ತದೆ. ರಾತ್ರಿ ಒಂದು ಗಂಟೆಗೆ, ಮೈನಸ್ 20ರಲ್ಲಿ, ಹಟ್ ಚಪ್ಪಲಿ ಮತ್ತು ಉಣ್ಣೆ ಬನಿಯನ್‌ನಲ್ಲಿ, ಅಮಲಿನಲ್ಲಿ ಹೊರಟವರು ಮಂಜುಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದರೆ, ಒಳಗಿರುವವರು ನಿದ್ದೆ ಹೋಗಿದ್ದರೆ, ಅದು ಹಿಮಕುಸಿತದಷ್ಟೇ ಗಂಭೀರ. ಹಾಗಾಗಿ ಬಾಗಿಲ ಬಳಿ ಹೆಡ್‌ಲ್ಯಾಂಪ್ ಮತ್ತು ದಪ್ಪ ಜಾಕೆಟ್ ತೂಗುಹಾಕಿ. ಕುಡಿದ ರಾತ್ರಿ ಹೊರಗೆ ಹೋಗುವವರು ಪಕ್ಕದಲ್ಲಿ ಮಲಗಿದವರನ್ನು ತಟ್ಟಿ ಎಬ್ಬಿಸಿಯೇ ಹೋಗಲಿ. ಫ್ರಾನ್ಸೀಸ್, ಜಾನೆಟ್ಸ್ ಮುಂತಾದ ಹಟ್‌ಗಳಲ್ಲಿ ಸೌನಾ, ಅಂದರೆ ಕೂತು ಬೆವರುವ ಬಿಸಿ ಕೋಣೆ, ಇದೆ. ಸೌನಾ ಮೊದಲು, ಆಮೇಲೆ ನೀರು, ಆಮೇಲೆ ಊಟ, ಕೊನೆಗೆ ಬೇಕಿದ್ದರೆ ಗುಂಡು. ಈ ಕ್ರಮ ತಿರುಗಿಸಿದವರು ಬೆವರಿ, ಬಿಪಿ ಇಳಿದು, ಬಿಸಿ ಕಲ್ಲಿನ ಪಕ್ಕ ಕಣ್ಣು ಕತ್ತಲೆ ಬಂದು ಬೀಳುತ್ತಾರೆ.

ಸಂಜೆಯ ಕಾರು

ಲವ್‌ಲ್ಯಾಂಡ್ ಪಾಸ್ 11,990 ಅಡಿ. ಸ್ಕೀ ಮಾಡಿ ಕೆಳಗಿನ ರಸ್ತೆಗೆ ಇಳಿದು, ಹೋಗುವ ಕಾರಿಗೆ ಕೈ ತೋರಿಸಿ ಮತ್ತೆ ಮೇಲೆ ಬರುವುದು ಅಲ್ಲಿನ ಪದ್ಧತಿ. ದಿನದ ಕೊನೆಗೆ ಪಾರ್ಕಿಂಗ್‌ನಲ್ಲಿ ಕಾರಿನ ಹಿಂಬಾಗಿಲು ತೆರೆದು ಕ್ಯಾನ್ ಹಂಚುವುದೂ ಪದ್ಧತಿ. ಇಲ್ಲಿ ಎಲ್ಲರೂ ತಪ್ಪುವ ಲೆಕ್ಕ ಒಂದಿದೆ. ಕೊಲರಾಡೊದ ಕ್ರಾಫ್ಟ್ ಐಪಿಎ ಬಿಯರ್ ಶೇಕಡ 7, 8 ಇರುತ್ತದೆ, ಕ್ಯಾನ್ 473 ಮಿಲಿ. ಅಂದರೆ ಒಂದು ಕ್ಯಾನ್ ಎರಡು ಡ್ರಿಂಕಿಗೆ ಸಮ. "ಎರಡೇ ಬಿಯರ್" ಎಂದರೆ ನಾಲ್ಕು ಡ್ರಿಂಕ್, ಅಂದರೆ ಒಂದು ಕ್ವಾರ್ಟರ್. 65 ಕಿಲೋ ತೂಕದವರು ಖಾಲಿ ಹೊಟ್ಟೆಯಲ್ಲಿ ಬೇಗ ಬೇಗ ಅಷ್ಟು ಹಾಕಿದರೆ ರಕ್ತದಲ್ಲಿ ಆಲ್ಕೋಹಾಲ್ ಶೇಕಡ 0.08 ದಾಟುವುದು ಬಹುತೇಕ ಖಚಿತ. ಕೊಲರಾಡೊದಲ್ಲಿ 0.08 ಆದರೆ ಡಿಯುಐ, ಅಂದರೆ ಕುಡಿದು ಗಾಡಿ ಓಡಿಸಿದ ಕೇಸು, ಆದರೆ 0.05 ದಾಟಿದರೇ ಅದಕ್ಕಿಂತ ಸಣ್ಣದಾದ ಇನ್ನೊಂದು ಕೇಸಿದೆ, ಡಿಡಬ್ಲ್ಯುಎಐ. ಪಕ್ಕದ ಯೂಟಾದಲ್ಲಿ 2018ರ ಕೊನೆಯಿಂದ ಮಿತಿಯೇ 0.05. ಗಾಂಜಾಕ್ಕೂ ಲೆಕ್ಕ ಇದೆ, ರಕ್ತದ ಒಂದು ಮಿಲಿಲೀಟರಿಗೆ 5 ನ್ಯಾನೊಗ್ರಾಂ ಟಿಎಚ್‌ಸಿ. ತೆರೆದ ಕ್ಯಾನ್ ಕಾರಿನೊಳಗೆ ಇದ್ದರೂ ದಂಡ. ವೀಸಾ ಮೇಲಿರುವವರಿಗೆ ಮತ್ತೆ ಹೇಳುತ್ತೇನೆ, ಡಿಯುಐಗೆ ಬಂಧನವಾದರೆ ಸಾಕು, ಶಿಕ್ಷೆ ಆಗುವ ಮುಂಚೆಯೇ ವೀಸಾ ರದ್ದು ಮಾಡುವ ಅಧಿಕಾರ ಸ್ಟೇಟ್ ಡಿಪಾರ್ಟ್‌ಮೆಂಟ್‌ಗೆ ಇದೆ.

ಕಾನೂನು ಬಿಡಿ. ಭಾನುವಾರ ಸಂಜೆ ಡೆನ್ವರ್‌ಗೆ ಮರಳುವ ಐ-70 ಹೆದ್ದಾರಿ ನೋಡಿದ್ದೀರಲ್ಲ. ಐಸನ್‌ಹೋವರ್ ಸುರಂಗದಿಂದ ಇಳಿಜಾರು, ಟ್ರಕ್ಕುಗಳು, ಕಪ್ಪು ಮಂಜುಗಡ್ಡೆ, ಬೆಳಗ್ಗೆ ನಾಲ್ಕಕ್ಕೆ ಎದ್ದ ಕಣ್ಣು. ಕುಡಿಯದವರಿಗೇ ಅದು ಕಷ್ಟ. ಓಡಿಸುವವರು ಯಾರು ಎಂದು ಬೆಳಗ್ಗೆ ಡೆನ್ವರ್ ಬಿಡುವಾಗಲೇ ತೀರ್ಮಾನವಾಗಲಿ, ಕೀ ಅವರ ಜೇಬಿನಲ್ಲೇ ಇರಲಿ, ಸಂಜೆ ಅವರ ಊಟದ ಖರ್ಚು ಉಳಿದವರದ್ದು. ನಾವು ಐಡಾಹೊ ಸ್ಪ್ರಿಂಗ್ಸ್‌ನಲ್ಲಿ ನಿಲ್ಲಿಸಿ ಬೋ ಜೋಸ್‌ನ ದಪ್ಪ ಅಂಚಿನ ಪಿಜ್ಜಾ ತಿನ್ನುತ್ತೇವೆ, ಅಂಚಿಗೆ ಜೇನುತುಪ್ಪ ಸುರಿದುಕೊಂಡು. ಅಷ್ಟು ಹೊತ್ತಿಗೆ ಟ್ರಾಫಿಕ್ಕೂ ಸ್ವಲ್ಪ ಕರಗಿರುತ್ತದೆ.

ಜೊತೆಗಾರರಿಗೆ ಚಟ ಇದ್ದರೆ

ಇದುವರೆಗೆ ಹೇಳಿದ್ದು ಆಗಾಗ ಕುಡಿಯುವವರ ಮಾತು. ದಿನವೂ ಕುಡಿಯುವವರ ವಿಷಯ ಬೇರೆ, ಮತ್ತು ಸ್ಕೀ ಊರುಗಳಲ್ಲಿ ಅಂಥವರು ಕಡಿಮೆ ಇಲ್ಲ. ಸೀಸನ್ ಕೆಲಸ, ಹಂಚಿಕೊಂಡ ಇಕ್ಕಟ್ಟಿನ ಮನೆ, ಊರಿನಿಂದ ದೂರ, ಜೊತೆ ಸೇರುವುದೆಂದರೆ ಬಾರ್ ಎನ್ನುವ ವಾತಾವರಣ. ಚೆನ್ನಾಗಿ ಸ್ಕೀ ಮಾಡುವವರಾದ್ದರಿಂದ ಯಾರೂ ಏನೂ ಹೇಳುವುದಿಲ್ಲ. ನಮ್ಮವರಲ್ಲಿ ಹೇಳಿಕೊಳ್ಳುವ ಧೈರ್ಯ ಇನ್ನೂ ಕಡಿಮೆ, ಸುದ್ದಿ ವಾಟ್ಸಾಪ್‌ನಲ್ಲಿ ಊರು ಮುಟ್ಟುತ್ತದೆ ಎಂಬ ಭಯ.

ದಿನವೂ ಕುಡಿಯುವವರನ್ನು ಮೂರು ದಿನದ ಹಟ್‌ಗೆ ಕರೆದುಕೊಂಡು ಹೋಗಿ, ಅಲ್ಲಿ ಬಾಟಲಿ ಕಸಿದುಕೊಂಡರೆ ಒಳ್ಳೆಯದಾಗುತ್ತದೆ ಎಂದು ಯೋಚಿಸುವ ಗೆಳೆಯರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು, ಮೂರನೇ ದಿನ ಭ್ರಮೆ, ಜ್ವರ, ಗೊಂದಲ ಬರಬಹುದು. ಅದು ಜೀವ ತೆಗೆಯುವಂಥದ್ದು. ಕೈನಡುಕ, ಬೆವರು, ವಾಕರಿಕೆಯಿಂದ ಶುರುವಾಗುವುದರಿಂದ ಎತ್ತರದ ಕಾಯಿಲೆ ಎಂದೇ ಎಲ್ಲರೂ ತಿಳಿಯುತ್ತಾರೆ. ಹಟ್‌ನಿಂದ ಆಸ್ಪತ್ರೆಗೆ ಸಾಗಿಸಲು ಹಲವು ಗಂಟೆ ಬೇಕು, ಬಿರುಗಾಳಿ ಎದ್ದರೆ ಇನ್ನೂ ಹೆಚ್ಚು. ಕುಡಿತ ಬಿಡುವುದು ಡಾಕ್ಟರ್ ನಿಗಾದಲ್ಲಿ, ಊರಿನಲ್ಲಿ ಆಗಬೇಕು.

ಹೇಗೆ ಮಾತಾಡುವುದು? ಸ್ಕಿನ್ ಮಾಡುತ್ತಾ ಹತ್ತುವಾಗ ಮಾತಾಡಿ. ಮುಖ ನೋಡಿಕೊಂಡು ಕೂತಾಗ ಬಾರದ ಮಾತು ಹಿಂದೆ ಮುಂದೆ ನಡೆಯುವಾಗ ಬರುತ್ತದೆ. "ನೀನು ಕುಡುಕ" ಎಂದು ಶುರು ಮಾಡಬೇಡಿ, ನೋಡಿದ್ದನ್ನೇ ಹೇಳಿ: "ಹೋದ ವಾರ ಬೀಕನ್ ಚೆಕ್ ಮಾಡುವಾಗ ನಿನ್ನ ಕೈ ನಡುಗುತ್ತಿತ್ತು ಮಾರಾಯ, ನಂಗೆ ಹೆದರಿಕೆ ಆಯ್ತು." ಆಮೇಲೆ ಸುಮ್ಮನಿರಿ, ಅವನು ಹೇಳಲಿ. ಅಮೆರಿಕದಲ್ಲಿ 1-800-662-4357 ನಂಬರಿಗೆ ಯಾವ ಹೊತ್ತಿಗೂ ಕರೆ ಮಾಡಿ ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂದು ಕೇಳಬಹುದು, ದುಡ್ಡು ಬೇಡ. ಸಾಯುವ ಮಾತು ಬಂದರೆ 988, ಕರೆ ಅಥವಾ ಮೆಸೇಜ್. ಅವನು ಒಬ್ಬನೇ ಫೋನ್ ಮಾಡಲಾರ ಎನಿಸಿದರೆ ನಿಮ್ಮ ಕಾರಿನಲ್ಲೇ ಕೂರಿಸಿಕೊಂಡು ಸ್ಪೀಕರ್ ಹಾಕಿ ಮಾಡಿಸಿ.

ಅಂಥ ಗೆಳೆಯನನ್ನು ಸ್ಕೀಯಿಂಗ್‌ನಿಂದ ದೂರ ಇಡಬೇಡಿ, ಉಳಿದದ್ದು ಅವನಿಗೆ ಅದೊಂದೇ ಇರಬಹುದು. ಬೆಳಗ್ಗೆ ಹೋಗಿ ಮಧ್ಯಾಹ್ನ ಬರುವ, 25 ಡಿಗ್ರಿ ಇಳಿಜಾರಿನ, ಫೋನ್ ಸಿಗ್ನಲ್ ಸಿಗುವ ಜಾಗಕ್ಕೆ ಕರೆದೊಯ್ಯಿರಿ. ನಿಮ್ಮ ಬ್ಯಾಗಿನಲ್ಲೂ ಏನೂ ಇಟ್ಟುಕೊಳ್ಳಬೇಡಿ. ಹಟ್ ಬುಕ್ ಮಾಡುವ ಮಾತು ಅವನು ಡಾಕ್ಟರ್ ನೋಡಿ ಬಂದ ಮೇಲೆ.